ಬೇಸಿಗೆಯಲ್ಲಿ ಕಿಮೋ, ರೇಡಿಯೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್–ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಸುಸ್ತು, ಬಾಯಾರಿಕೆ, ಮೈ ಬಿಸಿ, ತಲೆಸುತ್ತು ಆಗ ಮನೆಮಂದಿಗೆಲ್ಲ ಇರುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಲ್ಲಿ ಅದೇ ಲಕ್ಷಣಗಳಿಗೆ ಬೇರೆ ಕಾರಣ ಇರಬಹುದು. ಅದನ್ನೂ ಬಿಸಿಲಿನ ಲೆಕ್ಕಕ್ಕೆ ಬರೆದು ಎರಡು ದಿನ ಸುಮ್ಮನಿದ್ದುಬಿಡುವುದೇ ಈ ಕಾಲದಲ್ಲಿ ಹೆಚ್ಚು ಆಗುವ ತಪ್ಪು. ಇಲ್ಲಿ ಹೇಳಿದ್ದಕ್ಕೂ ನಿಮ್ಮ ಆಂಕಾಲಜಿ ಡಾಕ್ಟರು ಬರೆದುಕೊಟ್ಟದ್ದಕ್ಕೂ ವ್ಯತ್ಯಾಸ ಕಂಡರೆ ಡಾಕ್ಟರ ಮಾತೇ ನಡೆಯಲಿ.

## ದಿನನಿತ್ಯದ್ದು

ಕಿಮೋ ಅಂದ್ರೇನೇ ಉಷ್ಣ ಅಂತಾರೆ. ಬೇಸಿಗೆ ಮುಗಿಯೋವರೆಗೆ ಮುಂದೂಡಬಹುದಾ?

ಬೇಡ. ಎರಡು ವಾರಕ್ಕೋ ಮೂರು ವಾರಕ್ಕೋ ಒಂದು ಸೈಕಲ್ ಎಂಬ ಅಂತರವನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಹವೆ ನೋಡಿ ಅದನ್ನು ಎಳೆದರೆ ಲಾಭ ಗಡ್ಡೆಗೆ. ಬಾಯಿ ಹುಣ್ಣಾಗುವುದು, ಹೊಟ್ಟೆ ಕೆಡುವುದು, ಕೂದಲು ಉದುರುವುದು ಮೈಯ ಉಷ್ಣದಿಂದಲ್ಲ. ಬೇಗ ಬೇಗ ಹುಟ್ಟುವ ಜೀವಕೋಶಗಳನ್ನು ಕಿಮೋ ಹೊಡೆಯುತ್ತದೆ. ಬಾಯಿಯ ಒಳಪದರ, ಕರುಳಿನ ಒಳಪದರ, ಕೂದಲ ಬುಡ ಮೂರೂ ಅದೇ ಜಾತಿಯವು. ಬೇಸಿಗೆ ಮಾಡುವುದೇನೆಂದರೆ, ವಾಂತಿ–ಭೇದಿಯಲ್ಲಿ ಹೋದ ನೀರಿನ ಮೇಲೆ ಬೆವರಿನಲ್ಲೂ ನೀರು ಕಳೆಸುತ್ತದೆ.

ತಂಪು ಎಂದು ಮನೆಯಲ್ಲಿ ಕೊಡುವ ರಾಗಿ ಗಂಜಿ, ಹೆಸರುಬೇಳೆ ಕಟ್ಟು ಒಳ್ಳೆಯವೇ. ತಕರಾರಿರುವುದು ಕಷಾಯಗಳ ಬಗ್ಗೆ. ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಕಿಮೋ ಔಷಧಿಗಳಲ್ಲಿ ಅನೇಕವು ಲಿವರ್ ಮೂಲಕವೇ ಹೋಗಬೇಕು.

ದಿನಕ್ಕೆ ಎಷ್ಟು ನೀರು ಕುಡೀಬೇಕು? ನೀರು ಕಂಡ್ರೇನೇ ವಾಕರಿಕೆ ಬರ್ತದೆ.

ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಲ್ಲವಾದರೆ ಎಲ್ಲ ದ್ರವವೂ ಸೇರಿ 2ರಿಂದ 3 ಲೀಟರ್. ಲೋಟಗಟ್ಟಲೆ ಒಮ್ಮೆಗೇ ಕುಡಿದರೆ ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ. ಒಂದು ಲೀಟರಿನ ಬಾಟಲಿ ತುಂಬಿಸಿ ಪಕ್ಕದಲ್ಲಿಟ್ಟುಕೊಂಡು ಹತ್ತು ನಿಮಿಷಕ್ಕೆ ಎರಡು ಗುಟುಕು ಕುಡಿಯಿರಿ. ಮೊದಲ ಬಾಟಲಿ ಮಧ್ಯಾಹ್ನದ ಊಟದೊಳಗೆ, ಎರಡನೆಯದು ಸಂಜೆ ಏಳರೊಳಗೆ ಮುಗಿದರೆ ರಾತ್ರಿ ನಿದ್ದೆಗೆಡುವುದಿಲ್ಲ. ಸಪ್ಪೆ ನೀರು ಲೋಹದ ರುಚಿ ಕೊಟ್ಟರೆ ನಿಂಬೆಹೋಳು ಹಿಂಡಿ, ಸ್ಟೀಲ್ ಲೋಟ ಬಿಟ್ಟು ಗಾಜಿನ ಲೋಟ ಹಿಡಿಯಿರಿ. ಊಟದ ಜೊತೆಗೆ ನೀರು ಕಡಿಮೆ ಮಾಡಿ, ಊಟಕ್ಕೆ ಅರ್ಧ ಗಂಟೆ ಆಚೀಚೆ ಕುಡಿಯಿರಿ.

ಮೂತ್ರ ತಿಳಿ ಹುಲ್ಲಿನ ಬಣ್ಣಕ್ಕಿದ್ದರೆ ನೀರು ಸಾಕಾಗಿದೆ ಎಂಬ ಲೆಕ್ಕ ಇಲ್ಲಿ ಎರಡು ಸಲ ಕೈಕೊಡುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಎಷ್ಟೇ ನೀರು ಕುಡಿದರೂ ಮೂತ್ರ ಗಾಢ ಹಳದಿ. ಡಾಕ್ಸೊರುಬಿಸಿನ್ ಅಥವಾ ಎಪಿರುಬಿಸಿನ್ ಎಂಬ ಕೆಂಪು ಔಷಧಿ ಹಾಕಿಸಿಕೊಂಡ ಒಂದೆರಡು ದಿನ ಮೂತ್ರವೂ ಕೆಂಪು, ಅದು ರಕ್ತವಲ್ಲ. ತೂಕ ಇದಕ್ಕಿಂತ ನಂಬಿಕಸ್ಥ: ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು ಒಂದೇ ತೂಕದ ಯಂತ್ರದಲ್ಲಿ ನೋಡಿ. ಒಂದೇ ದಿನದಲ್ಲಿ ಒಂದು ಕೆ.ಜಿ. ಇಳಿದಿದ್ದರೆ ಇಳಿದದ್ದು ನೀರೇ. ಎಂಟು ತಾಸು ಮೂತ್ರವೇ ಬರದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ಅಪ್ಪ ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡೀತಾರೆ, ಅಷ್ಟೇ ಸಲ ಮೂತ್ರಕ್ಕೂ ಹೋಗ್ತಾರೆ. ಸೆಕೆಗೆ ಅಲ್ವಾ?

ಸೆಕೆಗೆ ಬಾಯಾರಿದವರಿಗೆ ಮೂತ್ರ ಕಡಿಮೆ ಆಗಬೇಕು. ಎರಡೂ ಹೆಚ್ಚಾಗಿದ್ದರೆ ಸಕ್ಕರೆ ಏರಿದೆಯೇ ಎಂದು ಅಂದೇ ನೋಡಿಸಿ. ವಾಂತಿ ತಡೆಯಲು, ಅಲರ್ಜಿ ಆಗದಿರಲು ಕಿಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್. ಮೊದಲು ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅದು ಸಕ್ಕರೆ ಏರಿಸಬಲ್ಲದು. ಬಾಯಾರಿಕೆಗೆಂದು ಗ್ಲೂಕೋಸ್ ಪುಡಿ, ಪಾನಕ ಕೊಡುತ್ತ ಹೋದರೆ ಏರಿದ ಸಕ್ಕರೆ ಇನ್ನೂ ಏರುತ್ತದೆ.

ಮಜ್ಜಿಗೆ, ಎಳನೀರು, ಕಬ್ಬಿನ ಹಾಲು, ಮಾವಿನಹಣ್ಣು: ಯಾವುದು ನಡೀತದೆ, ಯಾವುದು ನಡೆಯಲ್ಲ?

ಪದಾರ್ಥಕ್ಕಿಂತ ಅದನ್ನು ಯಾರು, ಯಾವ ನೀರಿನಲ್ಲಿ ಮಾಡಿದರು ಎಂಬುದು ಮುಖ್ಯ. ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿ ಅಂದೇ ಕಡೆದ ಮಜ್ಜಿಗೆ ಹೆಚ್ಚಿನವರಿಗೆ ನಡೆಯುತ್ತದೆ. ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೌಂಟ್ (ಬಿಳಿ ರಕ್ತಕಣಗಳ ಸಂಖ್ಯೆ) ತೀರಾ ಇಳಿದಿರುವಾಗ ಮಾತ್ರ ಕೇಳದೆ ಕೊಡಬೇಡಿ. ಎಳನೀರಿನ ಬುರುಡೆ ತೊಳೆದು, ಕಣ್ಣೆದುರೇ ಕೊಚ್ಚಿಸಿ, ಕೂಡಲೇ ಕುಡಿಯಿರಿ. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವವರಿಗೆ ಎಳನೀರಿನ ಪೊಟ್ಯಾಸಿಯಂ ಅಪಾಯ. ಮಾವು, ಬಾಳೆ, ಕಲ್ಲಂಗಡಿಯಂಥ ಸಿಪ್ಪೆ ತೆಗೆಯುವ ಹಣ್ಣನ್ನು ಇಡಿಯಾಗಿ ತಂದು, ತೊಳೆದು, ಮನೆಯಲ್ಲೇ ಹೆಚ್ಚಿ.

ಕಬ್ಬಿನ ಹಾಲು, ಗಾಡಿಯ ಮೇಲೆ ಹೆಚ್ಚಿಟ್ಟ ಹಣ್ಣು, ಹೊರಗಿನ ಐಸ್, ಐಸ್ ಗೋಲಾ ಚಿಕಿತ್ಸೆ ಮುಗಿಯುವವರೆಗೆ ಬೇಡ. ರಾಮನವಮಿಯ ಪಾನಕ ಮನೆಯದಾದರೆ ಸರಿ. ಕೋಸಂಬರಿಯ ಹಸಿ ಹೆಸರುಬೇಳೆ ಕೌಂಟ್ ಕಡಿಮೆ ಇರುವ ವಾರದಲ್ಲಿ ಬೇಡ. ಮಡಕೆಯ ನೀರು ಚೆನ್ನ, ಆದರೆ ಕುದಿಸಿ ಆರಿಸಿದ ನೀರನ್ನೇ ತುಂಬಿ, ದಿನವೂ ಮಡಕೆ ತೊಳೆದು, ಹಿಡಿಕೆಯಿರುವ ಸೌಟಿನಿಂದ ತೆಗೆಯಿರಿ. ಮಡಕೆಗೆ ಲೋಟ ಮುಳುಗಿಸುವ ಅಭ್ಯಾಸ ಮನೆಮಂದಿಯೆಲ್ಲ ಬಿಡಬೇಕು.

ಬಾಯಿ ಹುಣ್ಣಾದವರಿಗೆ ಹುಳಿ ಮಜ್ಜಿಗೆಯೂ ನಿಂಬೆಯೂ ಉರಿ. ಆರಿದ ರಾಗಿ ಗಂಜಿ, ಸೋಸಿದ ಬೇಳೆಕಟ್ಟು ಕೊಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಿ, ನುಂಗಬೇಡಿ. ನೀರನ್ನು ದಿನವೂ ಹೊಸದಾಗಿ ಮಾಡಿ.

ಕೂಲರ್ ಹಾಕಬಹುದಾ? ಎಸಿ ನಮ್ಮ ಕೈಲಾಗಲ್ಲ.

ಹಾಕಬಹುದು. ಟ್ಯಾಂಕಿನಲ್ಲಿ ನೀರು ನಿಂತರೆ ಬೂಸು, ಬ್ಯಾಕ್ಟೀರಿಯಾ ಬೆಳೆದು ಗಾಳಿಯೊಂದಿಗೆ ಬರುತ್ತವೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ. ದಿನವೂ ನೀರು ಬದಲಿಸಿ, ವಾರಕ್ಕೊಮ್ಮೆ ಟ್ಯಾಂಕ್ ಉಜ್ಜಿ ಒಣಗಿಸಿ. ಕಳೆದ ವರ್ಷದ ಹುಲ್ಲಿನ ಪ್ಯಾಡ್ ಕಿತ್ತು ಹೊಸದು ಹಾಕಿ. ಇದನ್ನು ರೋಗಿಯ ಕೈಯಲ್ಲಿ ಮಾಡಿಸಬೇಡಿ. ಕಿಟಕಿ ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಕೋಣೆ ಜಿಗುಟಾಗುತ್ತದೆ. ಮಂಗಳೂರು, ಕಾರವಾರದ ತೇವದ ಸೆಕೆಗೆ ಕೂಲರ್ ಕೆಲಸ ಮಾಡುವುದಿಲ್ಲ. ಅಲ್ಲಿ ಫ್ಯಾನೇ ಗತಿ. ಹೊರಗೆ 40 ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ಒದ್ದೆ ಬಟ್ಟೆಯಿಂದ ಕತ್ತು, ತೋಳು, ಕಾಲು ಒರೆಸುತ್ತಿರಿ.

## ಜ್ವರ, ಭೇದಿ, ಬಿಸಿಲ ಪೆಟ್ಟು

ನಮ್ಮವ್ವಗ ಕಿಮೋ ಆಗಿ ಎಂಟ್ ದಿನ ಆತು. ಮೈ ಬೆಚ್ಚಗ ಅದ. ಬಿಸಲಿಗಿ ಹಂಗ ಆಗ್ಯದೇನು?

ಕೈಯಿಟ್ಟು ನೋಡಿ ಹೇಳುವ ವಿಷಯವಲ್ಲ ಇದು. ಡಿಜಿಟಲ್ ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಅಥವಾ ಮೇಲಿದ್ದರೆ ಹಗಲಿರಲಿ, ಮಧ್ಯರಾತ್ರಿಯಿರಲಿ ಹೊರಡಬೇಕು. ಹೆಚ್ಚಿನ ಕಿಮೋಗಳಲ್ಲಿ ಬಿಳಿ ರಕ್ತಕಣ ತಳ ಮುಟ್ಟುವುದು 7ರಿಂದ 14ನೇ ದಿನದೊಳಗೆ. ಎಂಟನೇ ದಿನದ ಜ್ವರ ಸರಿಯಾಗಿ ಆ ಅವಧಿಯಲ್ಲೇ ಬಿದ್ದಿದೆ. ಕಣಗಳಿಲ್ಲದೆ ಸೋಂಕು ಕೆಲವೇ ತಾಸುಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕೆಂಬುದು ಇದಕ್ಕಿರುವ ನಿಯಮ.

ಅಳೆಯುವಾಗ ಆಗುವ ತಪ್ಪುಗಳು ಇವು. ತಣ್ಣೀರು ಕುಡಿದ ಕೂಡಲೇ ಬಾಯಲ್ಲಿಟ್ಟರೆ ಕಡಿಮೆ ತೋರಿಸುತ್ತದೆ. ಇಪ್ಪತ್ತು ನಿಮಿಷ ಬಿಡಿ. ಬಾಯಿ ಹುಣ್ಣಾಗಿದ್ದರೆ ಕಂಕುಳಲ್ಲಿಡಿ, ಬೆವರು ಒರೆಸಿ. ಅಲ್ಲಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆಯೇ ಬರುತ್ತದೆ. ಬಿಸಿಲಿನಿಂದ ಬಂದವರನ್ನು ಹದಿನೈದು–ಇಪ್ಪತ್ತು ನಿಮಿಷ ನೆರಳಲ್ಲಿ ಕೂರಿಸಿ ಅಳೆಯಬಹುದು. ಚಳಿ ಹತ್ತಿ ನಡುಗುತ್ತಿದ್ದರೆ ಆ ಕಾಯುವಿಕೆಯೂ ಬೇಡ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು.

ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ. ಅಂಕಿ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಕ್ಯಾಶುವಲ್ಟಿಯಲ್ಲಿ ಮೊದಲ ಮಾತೇ ‘ಕಿಮೋ ನಡೆದಿದೆ, ಜ್ವರ ಇದೆ’ ಎಂದಿರಲಿ. ಕೊನೆಯ ಕಿಮೋ ತಾರೀಖು, ಔಷಧಿಗಳ ಹೆಸರು, ಹಿಂದಿನ ರಕ್ತಪರೀಕ್ಷೆ ಇರುವ ಫೈಲ್ ಕೈಯಲ್ಲಿರಲಿ. ಸ್ಟಿರಾಯ್ಡ್ ಮೇಲಿರುವವರಿಗೆ ಸೋಂಕಾದರೂ ಜ್ವರ ಕಾಣದೇ ಇರಬಹುದು. ಅವರು ಮಂಕಾದರೆ, ಉಸಿರು ವೇಗವಾದರೆ ಜ್ವರ ಬಂದಷ್ಟೇ ಗಂಭೀರ.

ಊರ ಡಾಕ್ಟರ ಹತ್ರ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿದ್ರೆ ಸುಸ್ತು ಹೋಗಲ್ವಾ?

ಬಾಟಲಿಯಲ್ಲಿ ಬರೀ ಡೆಕ್ಸ್‌ಟ್ರೋಸ್ ಇದ್ದರೆ ಭೇದಿ, ಬೆವರಿನಲ್ಲಿ ಹೋದ ಉಪ್ಪು ಮರಳುವುದಿಲ್ಲ. ಸುಸ್ತಿಗೆ ಕಾರಣ ಇಳಿದ ಹಿಮೋಗ್ಲೋಬಿನ್ ಆಗಿದ್ದರೆ ಬಾಟಲಿಯಿಂದ ಏನೂ ಆಗದು. ಡ್ರಿಪ್ ಬೇಕೇ ಬೇಕೆಂದು ಹೇಳಿದರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದ ಕಡೆಯ ಕೈ ಬಿಟ್ಟು ಇನ್ನೊಂದು ಕೈಗೆ ಸೂಜಿ ಹಾಕಿಸಿ. ಕಿಮೋ ಹಾಕಲು ಎದೆಯ ಚರ್ಮದಡಿ ಇಟ್ಟ ಪೋರ್ಟ್‌ಗೆ ಅದರ ತರಬೇತಿ ಇಲ್ಲದವರು ಕೈ ಹಾಕಬಾರದು.

ಭೇದಿ ಶುರುವಾದ್ರೆ ಒಆರ್‌ಎಸ್ ಎಷ್ಟು ಕೊಡಬೇಕು?

ಒಂದು ಪ್ಯಾಕೆಟ್‌ಗೆ ಅಳೆದ ಒಂದು ಲೀಟರ್ ನೀರು. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ. ಕಲೆಸಿದ್ದನ್ನು 24 ತಾಸಿನ ನಂತರ ಚೆಲ್ಲಿ. ಪ್ರತಿ ಭೇದಿಗೂ ಒಂದು ಲೋಟ, ಸುಮಾರು 200 ಮಿ.ಲೀ., ಗುಟುಕು ಗುಟುಕಾಗಿ. ವಾಂತಿಯೂ ಇದ್ದರೆ ಒಂದೆರಡು ನಿಮಿಷಕ್ಕೊಂದು ಚಮಚ. ಕೊಳ್ಳುವಾಗ ಹೆಸರಿಗಿಂತ ಹಿಂಬದಿಯ ಅಕ್ಷರ ಓದಿ: ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಅಂಗಡಿಯ ಸಿಹಿ ಟೆಟ್ರಾಪ್ಯಾಕ್ ಇದಕ್ಕೆ ಬದಲಿಯಲ್ಲ. ಪ್ಯಾಕೆಟ್ ಸಿಗದ ರಾತ್ರಿ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ದಿನದ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಕೇಪ್‌ಸೈಟಬೀನ್ ಎಂಬ ಕಿಮೋ ಮಾತ್ರೆ ನುಂಗುತ್ತಿರುವವರು ಮುಂದಿನ ಮಾತ್ರೆ ತಡೆಹಿಡಿದು ಆಸ್ಪತ್ರೆಗೆ ಫೋನ್ ಮಾಡಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಬರೆದುಕೊಟ್ಟಿದ್ದರೆ ಚೀಟಿಯಲ್ಲಿರುವ ಲೆಕ್ಕದಂತೆಯೇ ತೆಗೆದುಕೊಳ್ಳಿ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ನೀವಾಗಿ ನುಂಗಬೇಡಿ. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ, ಸಕ್ಕರೆ ಮಾತ್ರೆಗಳನ್ನು ಭೇದಿಯ ದಿನವೂ ಮುಂದುವರಿಸಬೇಕೇ ಎಂದು ಆ ಫೋನಿನಲ್ಲೇ ಕೇಳಿ. ಮೈ ಒಣಗಿರುವಾಗ ಅವೇ ತಲೆಸುತ್ತು ತಂದು ಬೀಳಿಸುತ್ತವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಸಿಸ್‌ಪ್ಲಾಟಿನ್ ಮೇಲಿರುವವರ ಕಿಡ್ನಿಗೆ ಅದು ಎರಡನೇ ಪೆಟ್ಟು.

ಬಿಸಿಲ ಪೆಟ್ಟು ಅಂತ ಗುರುತಿಸೋದು ಹೇಗೆ?

ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು, ಜೊತೆಗೆ ಮೈ 104 ಡಿಗ್ರಿಯ ಆಸುಪಾಸು. ಬೆವರು ಇದ್ದರೂ ಇರಬಹುದು. 108ಕ್ಕೆ ಕರೆ ಮಾಡಿ, ಅದು ಬರುವಷ್ಟರಲ್ಲಿ ಬಟ್ಟೆ ಸಡಿಲಿಸಿ ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಇದು ಸೋಂಕಿನ ಜ್ವರವೋ ಬಿಸಿಲೋ ಎಂದು ಮನೆಯಲ್ಲಿ ತೀರ್ಮಾನಿಸುವ ಅಗತ್ಯವಿಲ್ಲ. ಎರಡಕ್ಕೂ ಹೋಗಬೇಕಾದ ಜಾಗ ಒಂದೇ.

## ಚರ್ಮ

ಕರೆಂಟ್ (ರೇಡಿಯೇಷನ್) ಕೊಡೋ ಜಾಗದಲ್ಲಿ ಬೆವರಿ ಉರೀತದೆ. ಪೌಡರ್ ಹಾಕಲಾ? ಐಸ್ ಇಡಲಾ?

ಎರಡೂ ಬೇಡ. ಬೆವರಲ್ಲಿ ಪೌಡರ್ ಮುದ್ದೆಯಾಗಿ ಮಡಿಕೆಗಳಲ್ಲಿ ಉಜ್ಜುತ್ತದೆ. ರೇಡಿಯೇಷನ್ ಬಿದ್ದ ಚರ್ಮಕ್ಕೆ ಐಸ್ ಕೂಡ ಗಾಯವೇ. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೆದು ಸೋಪು, ಕೈಯಿಂದಲೇ ತೊಳೆದು ಒತ್ತಿ ಒರೆಸಿ. ಸಡಿಲ ಹತ್ತಿ ಬಟ್ಟೆ. ಕುತ್ತಿಗೆಗೆ ರೇಡಿಯೇಷನ್ ಆಗುವವರು ಕಾಲರ್ ಶರ್ಟ್, ಸರ ಬಿಡಿ. ಗಡ್ಡಕ್ಕೆ ಬ್ಲೇಡ್ ಬೇಡ. ಡಾಕ್ಟರು ಹೇಳಿದ ಕ್ರೀಮನ್ನು ರೇಡಿಯೇಷನ್ ಮುಗಿಸಿ ಬಂದ ಮೇಲೆ ತೆಳ್ಳಗೆ ಹಚ್ಚಿ. ಹರಳೆಣ್ಣೆ, ಅರಿಶಿನ, ಟೂತ್‌ಪೇಸ್ಟ್ ಬೇಡ. ಬೆವರಿಗೆ ಗುರುತಿನ ಗೆರೆ ಮಾಸಿದರೆ ಪೆನ್ನು ಹಿಡಿದು ನೀವೇ ತಿದ್ದಬೇಡಿ, ಮೆಷಿನ್ ರೂಮಿನಲ್ಲಿ ಹೇಳಿ. ಕೊನೆಯ ದಿನ ಮುಗಿದ ನಂತರವೂ ಒಂದೆರಡು ವಾರ ಚರ್ಮ ಇನ್ನಷ್ಟು ಕೆಡಬಹುದು, ಅದು ನಿರೀಕ್ಷಿತ. ನೀರು ಸುರಿದರೆ, ವಾಸನೆ ಬಂದರೆ ತೋರಿಸಿ.

ಕೂದಲು ಹೋಗಿದೆ, ವಿಗ್ ಹಾಕಿದ್ರೆ ತಲೆ ಬೇಯ್ತದೆ. ಏನು ಮಾಡಲಿ?

ಮನೆಯಲ್ಲಿ ಬರಿತಲೆ, ಹೊರಗೆ ಮೆತ್ತನೆಯ ಹತ್ತಿ ಬಟ್ಟೆ ಅಥವಾ ಅಗಲ ಅಂಚಿನ ಟೋಪಿ. ನೈಲಾನ್, ಸ್ಯಾಟಿನ್ ಜಾರುತ್ತವೆ, ಬೆವರು ಹೀರುವುದಿಲ್ಲ. ಕಿಮೋ ಔಷಧಿಗಳಲ್ಲಿ 5-ಎಫ್‌ಯು, ಮೆಥೊಟ್ರೆಕ್ಸೇಟ್, ಡಕಾರ್ಬಜೀನ್ ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಗೆಫಿಟಿನಿಬ್, ಎರ್ಲೊಟಿನಿಬ್ ಮಾತ್ರೆಗಳಿಂದ ಮುಖದಲ್ಲಿ ಏಳುವ ಮೊಡವೆಯಂಥ ಗುಳ್ಳೆ ಬಿಸಿಲಿಗೆ ಕೆರಳುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತಲೆಗೂ ಕಿವಿಗೂ ಹಚ್ಚಿ. ಮಾಯದ ಗಾಯಕ್ಕೆ, ರೇಡಿಯೇಷನ್ ನಡೆಯುತ್ತಿರುವ ಜಾಗಕ್ಕೆ ಸನ್‌ಸ್ಕ್ರೀನ್ ಬೇಡ, ಬಟ್ಟೆ ಮುಚ್ಚಿ.

ಸ್ತನದ ಆಪರೇಷನ್ ಆದ ಕಡೆ ಕೈ ಬೇಸಿಗೆಯಲ್ಲಿ ಜಾಸ್ತಿ ಊದ್ತದೆ.

ಶಾಖಕ್ಕೆ ರಕ್ತನಾಳ ಹಿಗ್ಗಿ ನೀರು ಹೆಚ್ಚು ಸೋರುತ್ತದೆ. ಸೆಕೆಯೆಂದು ಊತ ತಡೆಯಲು ಹಾಕುವ ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ಕಳಚಿಡಬೇಡಿ. ಎರಡು ಜೊತೆ ಇಟ್ಟುಕೊಂಡು ದಿನವೂ ಒಗೆದು ಹಾಕಿ. ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ. ಕೈ ಕೆಂಪಾಗಿ ಬಿಸಿಯಾದರೆ ಅಂದೇ ತೋರಿಸಿ.

ಹೊಟ್ಟೆಯ ಚೀಲ (ಮಲ ತುಂಬುವ ಸ್ಟೋಮಾ ಚೀಲ) ಬೆವರಿಗೆ ಬಿಟ್ಟುಕೊಳ್ತದೆ.

ಅಂಟಿಸುವ ಮುಂಚೆ ಚರ್ಮ ಪೂರ್ತಿ ಒಣಗಿರಲಿ, ಎಣ್ಣೆ–ಕ್ರೀಮ್ ಇರದಿರಲಿ. ಅಂಗೈಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಮೈಯ ಬಿಸಿಗೆ ಅಂಟು ಕಚ್ಚುತ್ತದೆ. ಬೇಸಿಗೆಯಲ್ಲಿ ಬದಲಿಸುವ ಅಂತರ ಒಂದು ದಿನ ಕಡಿಮೆಯಾಗಬಹುದು. ಅಷ್ಟು ಚೀಲ ಹೆಚ್ಚಿಗೆ ತಂದಿಡಿ. ಸಣ್ಣ ಕರುಳಿನಿಂದ ಚೀಲ ಇಟ್ಟವರು ಬರೀ ನೀರು ಕುಡಿದರೆ ಚೀಲಕ್ಕೆ ಇನ್ನಷ್ಟು ಹೋಗುತ್ತದೆ. ಅವರಿಗೆ ಒಆರ್‌ಎಸ್ ಬೇಕು.

## ಔಷಧಿಗೆ ತಕ್ಕ ಎಚ್ಚರ

ಕಿಮೋ ಮುಗಿಸಿ ಬಂದು ಫ್ರಿಜ್ ನೀರು ಕುಡಿದ ತಕ್ಷಣ ಗಂಟಲು ಹಿಡಿದು ಉಸಿರೇ ನಿಂತಂತಾಯ್ತು.

ಔಷಧಿ ಆಕ್ಸಾಲಿಪ್ಲಾಟಿನ್ ಆಗಿರಬೇಕು. ಕರುಳಿನ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುತ್ತಾರೆ. ಅದು ನರಗಳನ್ನು ತಣ್ಣಗಿನ ಸ್ಪರ್ಶಕ್ಕೆ ಅತಿಯಾಗಿ ಕೆರಳಿಸುತ್ತದೆ. ಗಂಟಲು ಕಟ್ಟಿದಂತಾಗುತ್ತದೆ, ದವಡೆ ಹಿಡಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಬೆಚ್ಚಗಿನ ನೀರು ಗುಟುಕರಿಸಿ, ಬೆಚ್ಚಗಿನ ಗಾಳಿಯಲ್ಲಿ ಕುಳಿತರೆ ಕೆಲವು ನಿಮಿಷದಲ್ಲಿ ಬಿಡುತ್ತದೆ. ಬಿಡದಿದ್ದರೆ, ಮುಖ ಊದಿದರೆ, ಮೈಮೇಲೆ ದದ್ದು ಎದ್ದರೆ ಅದು ಅಲರ್ಜಿ, ಆಸ್ಪತ್ರೆಗೆ ಓಡಿ. ಇನ್ನು ಮುಂದೆ ಪ್ರತಿ ಸೈಕಲ್‌ನ ಮೊದಲ ಐದಾರು ದಿನ ಐಸ್‌ಕ್ರೀಮ್, ಫ್ರಿಜ್ ನೀರು ಬಂದ್. ಮಡಕೆ ನೀರೂ ಕೆಲವರಿಗೆ ಆಗುವುದಿಲ್ಲ. ಫ್ರಿಜ್‌ನೊಳಗೆ ಕೈ ಹಾಕುವ ಕೆಲಸ ಬೇರೆಯವರು ಮಾಡಲಿ. ಎಸಿಯ ಗಾಳಿ ಮುಖಕ್ಕೆ ನೇರ ಬೀಳದಿರಲಿ.

ಅಂಗೈ ಅಂಗಾಲು ಕೆಂಪಾಗಿ ಸುಲೀತಿದೆ. ಒಬ್ಬರು ತಣ್ಣೀರಲ್ಲಿ ಇಡು ಅಂದ್ರು, ಇನ್ನೊಬ್ಬರು ತಣ್ಣೀರು ಮುಟ್ಟಬೇಡ ಅಂದ್ರು.

ಇಬ್ಬರೂ ಸರಿಯೇ, ಹೇಳಿದ್ದು ಬೇರೆ ಬೇರೆ ಔಷಧಿಯ ಬಗ್ಗೆ. ಕೇಪ್‌ಸೈಟಬೀನ್‌ನಿಂದ ಆಗುವ ಈ ತೊಂದರೆಗೆ ತಂಪು ಹಿತ. ಜೊತೆಗೆ ಆಕ್ಸಾಲಿಪ್ಲಾಟಿನ್ ಕೂಡ ನಡೆಯುತ್ತಿದ್ದರೆ ತಂಪು ನಿಷಿದ್ಧ. ಎರಡೂ ಇರುವವರು ಕೋಣೆಯಲ್ಲಿಟ್ಟ ಸಾದಾ ನೀರಿನಲ್ಲಿ 15 ನಿಮಿಷ ಕೈಕಾಲು ಇಟ್ಟು, ಒತ್ತಿ ಒರೆಸಿ, ಶೇ 10ರ ಯೂರಿಯಾ ಕ್ರೀಮ್ ದಿನಕ್ಕೆರಡು ಸಲ ಹಚ್ಚಲಿ. ಬಿರುಕು ಬಿಟ್ಟ ಜಾಗ ಬಿಟ್ಟು.

ಈ ಭಾಗದ ಮನೆ, ಗುಡಿಗಳ ಅಂಗಳದಲ್ಲಿ ಶಹಾಬಾದಿ ಕಲ್ಲು. ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ಒಂದು ಪ್ರದಕ್ಷಿಣೆ ಹಾಕಿದರೂ ಅಂಗಾಲು ಬೊಬ್ಬೆ ಏಳುತ್ತದೆ. ಪ್ಯಾಕ್ಲಿಟಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತೂ ಆಗುವುದಿಲ್ಲ, ರಾತ್ರಿ ಕಾಲು ನೋಡಿದಾಗಲೇ ತಿಳಿಯುವುದು. ಒಳಗೆ ಹತ್ತಿ ಕಾಲುಚೀಲ, ಮೆತ್ತನೆ ಚಪ್ಪಲಿ; ಗುಡಿಗೆ ಬೆಳಗಿನ ಹೊತ್ತು. ನೋವಿನಿಂದ ನಡೆಯಲು, ತುತ್ತು ಕಲೆಸಲು ಆಗದಂತಾದರೆ ಕೇಪ್‌ಸೈಟಬೀನ್ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಡೋಸ್ ಇಳಿಸುತ್ತಾರೆ, ಚಿಕಿತ್ಸೆ ಹಾಳಾಗುವುದಿಲ್ಲ.

ಸ್ತನ ಕ್ಯಾನ್ಸರ್‌ಗೆ ಟ್ಯಾಮೊಕ್ಸಿಫೆನ್ ಮಾತ್ರೆ ಶುರುವಾದ ಮೇಲೆ ಮೈಯಿಂದ ಬೆಂಕಿ ಎದ್ದಂಗಾಗಿ ಬೆವರ್ತೀನಿ. ಬೇಸಿಗೆ ಮುಗಿಯೋವರೆಗೆ ಬಿಡಲಾ?

ಬಿಡಬೇಡಿ, ಡಾಕ್ಟರಿಗೆ ಹೇಳಿ. ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಯಿಂದ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಬೇರೆ ಡಾಕ್ಟರ ಬಳಿ ಹೋದರೆ ಟ್ಯಾಮೊಕ್ಸಿಫೆನ್ ವಿಷಯ ತಿಳಿಸಿ, ಏಕೆಂದರೆ ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್ ಅದರ ಬಲ ಕುಗ್ಗಿಸುತ್ತದೆ. ರಾತ್ರಿ ಖಾರ, ಬಿಸಿ ಚಹಾ ಬಿಟ್ಟು ನೋಡಿ. ಪ್ರಾಸ್ಟೇಟ್‌ಗೆ ಹಾರ್ಮೋನ್ ಚುಚ್ಚುಮದ್ದು ಪಡೆಯುವ ಗಂಡಸರಿಗೂ ಇದೇ ಬೇಗೆ ಬರುತ್ತದೆ. ಅವರು ಹೇಳಿಕೊಳ್ಳುವುದಿಲ್ಲ ಅಷ್ಟೆ.

ಕೌಂಟ್ ಏರಿಸೋ ಇಂಜೆಕ್ಷನ್ ಬೆಂಗಳೂರಿಂದ ರಾಯಚೂರಿಗೆ ತರೋದು ಹೇಗೆ?

ಫಿಲ್‌ಗ್ರಾಸ್ಟಿಮ್ 2ರಿಂದ 8 ಡಿಗ್ರಿಯಲ್ಲಿರಬೇಕು. ಅಗಲ ಬಾಯಿಯ ಥರ್ಮೋಸ್ ಅಥವಾ ಥರ್ಮೋಕೋಲ್ ಪೆಟ್ಟಿಗೆಗೆ ಜೆಲ್ ಪ್ಯಾಕ್ ಹಾಕಿ, ಇಂಜೆಕ್ಷನ್ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಡಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆ. ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಾಣುತ್ತದೆ. ಮನೆಯಲ್ಲಿ ಫ್ರೀಜರ್‌ನ ಕೆಳಗೂ ಬೇಡ, ಬಾಗಿಲಲ್ಲೂ ಬೇಡ, ನಡುವಿನ ತಟ್ಟೆಯಲ್ಲಿಡಿ. ಮಾತ್ರೆಗಳನ್ನು ನಿಲ್ಲಿಸಿದ ಕಾರು, ಬೈಕಿನ ಡಿಕ್ಕಿ, ಫ್ರಿಜ್‌ನ ನೆತ್ತಿ ಮೂರರಿಂದಲೂ ದೂರವಿಡಿ.

ಪ್ರಯಾಣ ರಾತ್ರಿ ರೈಲಿನಲ್ಲಾದರೆ ಲೇಸು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆ ಕೊಟ್ಟ ಪ್ರಮಾಣಪತ್ರವಿದ್ದರೆ ಸ್ಲೀಪರ್‌ನಲ್ಲೂ ಎಸಿ 3-ಟಯರ್‌ನಲ್ಲೂ ಪೂರ್ತಿ ರಿಯಾಯಿತಿ ಇದೆ, ಜೊತೆಗೊಬ್ಬರಿಗೆ ಶೇ 75. ಇದು ತಿಳಿಯದೆ ಮೇ ತಿಂಗಳಲ್ಲಿ ಸ್ಲೀಪರ್‌ನಲ್ಲಿ ಬೆಂದು ಹೋಗುವವರಿದ್ದಾರೆ. ಆಕ್ಸಾಲಿಪ್ಲಾಟಿನ್ ಆದವರು ಎಸಿ ಬೋಗಿಗೆ ಮಫ್ಲರ್, ಕಾಲುಚೀಲ, ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ. ಊರಲ್ಲಿ ಕಚೇರಿ ಕೆಲಸವೂ ಇದ್ದರೆ, ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಏಪ್ರಿಲ್–ಮೇಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ನೆನಪಿರಲಿ.

ಅಜ್ಜನಿಗೆ ನೋವಿನ ಪ್ಯಾಚ್ ಅಂಟಿಸಿದ್ದೀವಿ. ಮಧ್ಯಾಹ್ನ ಬಹಳ ಮಂಕಾಗ್ತಾರೆ.

ಫೆಂಟನಿಲ್ ಪ್ಯಾಚ್ ಚರ್ಮದ ಮೂಲಕ ಔಷಧಿ ಬಿಡುತ್ತದೆ. ಚರ್ಮ ಬಿಸಿಯಾದಷ್ಟೂ ಹೆಚ್ಚು ಬಿಡುತ್ತದೆ. ಬಿಸಿಲಿಗೆ ಕೂರುವುದು, ಬಿಸಿನೀರ ಸ್ನಾನ, ಕಾವು ಕೊಡುವುದು, ಜ್ವರ ಎಲ್ಲವೂ ಡೋಸ್ ಏರಿಸಿದಂತೆಯೇ. ತಗಡಿನ ಮಾಡಿನ ಕೋಣೆಯಲ್ಲಿ ಮಲಗಿಸಿದ್ದರೆ ಮೊದಲು ತಂಪಾದ ಕಡೆ ಸರಿಸಿ, ಡಾಕ್ಟರಿಗೆ ತಿಳಿಸಿ. ಅಂಟಿಸುವ ಜಾಗವನ್ನು ಬರೀ ನೀರಿನಿಂದ ಒರೆಸಿ ಒಣಗಿಸಿ, ಅಂಗೈಯಲ್ಲಿ 30 ಸೆಕೆಂಡ್ ಒತ್ತಿ. ಬೆವರಿಗೆ ಅಂಚು ಎದ್ದರೆ ಸುತ್ತ ಟೇಪ್ ಹಾಕಿ. ಅರ್ಧ ಬಿಟ್ಟುಕೊಂಡಿದೆಯೆಂದು ಹಳೆಯದರ ಮೇಲೆ ಇನ್ನೊಂದು ಅಂಟಿಸಬೇಡಿ. ತೆಗೆದ ಪ್ಯಾಚ್‌ನಲ್ಲಿ ಔಷಧಿ ಉಳಿದಿರುತ್ತದೆ. ಅಂಟು ಒಳಗಾಗಿ ಮಡಚಿ ಮಕ್ಕಳ ಕೈಗೆ ಸಿಗದಂತೆ ಇಟ್ಟು ಆಸ್ಪತ್ರೆಗೆ ಹಿಂತಿರುಗಿಸಿ. ಕರೆದರೂ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿದ್ದರೆ ಕೂಡಲೇ ಪ್ಯಾಚ್ ಕಿತ್ತು, ಆ ಜಾಗವನ್ನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ.